ಮುಳ್ಳುದಾರ, ರೇಷ್ಮೆದಾರ

ಎಪ್ಪತ್ತರ ದಶಕದಲ್ಲಿ ಮಂಡ್ಯದ ಒಂದು ಆಸ್ಪತ್ರೆಯಲ್ಲಿ ನಾನು ಸರ್ಜನ್ ಆಗಿದ್ದೆ. ಕಬ್ಬು ಕಡಿಯುವ ಕಾಲ ಬಂತೆಂದರೆ ಮಚ್ಚಿನೇಟು ಬಿದ್ದ ಕೈಗಳು ಬರುತ್ತಿದ್ದವು. ಚರ್ಮ ಹೊಲಿಯುವುದು ಸುಲಭ. ಬೆರಳು ಮಡಚುವ ಬಿಳಿಯ ಹುರಿ, ಊರವರ ಬಾಯಲ್ಲಿ ನರ, ಅದು ತುಂಡಾದರೆ ಮಾತ್ರ ಪೀಕಲಾಟ. ಅದನ್ನು ಹೊಲಿಯುವ ರೇಷ್ಮೆದಾರದ ಗಂಟು ದಪ್ಪ. ಅದು ಸುತ್ತಲಿನ ಮಾಂಸಕ್ಕೆ ಅಂಟಿಕೊಂಡರೆ ಬೆರಳು ಕೋಲಿನಂತೆ ನಿಂತುಬಿಡುತ್ತದೆ.

ಗಂಟೇ ಬೇಡದ ಮುಳ್ಳುದಾರವೊಂದಿದೆ ಎಂದು ಓದುವಾಗ ಮೇಷ್ಟ್ರು ಹೇಳಿದ್ದರು. ಸೀರೆಗೆ ಹತ್ತಿದ ಹುಲ್ಲಿನ ಮುಳ್ಳು ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಬರುವುದಿಲ್ಲವಲ್ಲ, ಹಾಗೆ. ಮಂಡ್ಯದಲ್ಲಿ ಅದೆಲ್ಲಿ ಸಿಗಬೇಕು? ನೈಲಾನ್ ದಾರಕ್ಕೆ ಬ್ಲೇಡಿನಿಂದ ನಾನೇ ಕಚ್ಚು ಹಾಕಿ ಮುಳ್ಳೆಬ್ಬಿಸಿದೆ. ಕಟುಕರ ಅಂಗಡಿಯಿಂದ ಮೇಕೆ ಕಾಲಿನ ನರ ತಂದು, ಕೆಲವನ್ನು ರೇಷ್ಮೆಯಲ್ಲಿ, ಕೆಲವನ್ನು ಮುಳ್ಳುದಾರದಲ್ಲಿ ಹೊಲಿದು, ಬಾಡಿಗೆ ಮನೆಯ ಕಿಟಕಿ ಸರಳಿಗೆ ಕಟ್ಟಿ ತೂಕದ ಕಲ್ಲು ನೇತುಹಾಕಿದೆ. ಮನೆ ಮಾಲೀಕರ ಹೆಂಡತಿ ಕಂಡು ಹೌಹಾರಿದರು. “ಏನಮ್ಮಾ ಡಾಕ್ಟ್ರೇ, ನಮ್ಮನೆ ಕಿಟ್ಕೀಲಿ ಮಾಂಸ ಒಣಗಾಕಿದ್ದೀರಾ?” ಅಂದಿನಿಂದ ಹಬ್ಬದ ಒಬ್ಬಟ್ಟು ಬರುವುದೂ ನಿಂತಿತು. ಆಸ್ಪತ್ರೆಯ ಹೊರಗೆ ನನ್ನೊಡನೆ ಮಾತಾಡುತ್ತಿದ್ದವರು ಅವರೊಬ್ಬರೇ.

ಫಲಿತಾಂಶವೋ, ಅತ್ತ ದರಿ ಇತ್ತ ಪುಲಿ. ರೇಷ್ಮೆಯ ಗಂಟು ಸಡಿಲವಾಗಿ ಹೊಲಿಗೆ ಬಾಯಿ ಬಿಡುತ್ತಿತ್ತು. ಮುಳ್ಳುದಾರ ಬಿಗಿಯಾಗಿ ಹಿಡಿದುಕೊಂಡಿದ್ದು, ಕಚ್ಚು ಹಾಕಿದ ಕಡೆ ಇದ್ದಕ್ಕಿದ್ದಂತೆ ಪಟ್ಟೆಂದು ಹರಿಯುತ್ತಿತ್ತು.

ಅಷ್ಟರಲ್ಲಿ ಅಲ್ಲೇ ಹತ್ತಿರದ ಕೊಪ್ಪದ ಕಡೆಯ ಹೆಂಗಸೊಬ್ಬಳು ಬಂದಳು. ಕಬ್ಬು ಕಡಿಯುವಾಗ ಬಲಗೈಯ ಎರಡು ಬೆರಳಿನ ನರ ತುಂಡಾಗಿತ್ತು. “ಈ ಕೈ ಓಗ್ಬುಟ್ರೆ ನನ್ನ ಯಾರ್ ಕಣಮ್ಮ ಕೆಲ್ಸಕ್ಕೆ ಕರೆದಾರು?” ಎಂದಳು. ಮೇಕೆಯ ಕಾಲು ಬೇರೆ, ದುಡಿದು ತಿನ್ನುವವಳ ಕೈ ಬೇರೆ. ರೇಷ್ಮೆಯಲ್ಲೇ ಹೊಲಿದು ಪ್ಲಾಸ್ಟರ್ ಹಾಕಿದೆ. ಎಡಗೈಯಲ್ಲಿ ಉಣ್ಣುವುದಿಲ್ಲವೆಂದು ಅವಳು ಹಟ ಹಿಡಿದಳು. ಪಕ್ಕದ ಮಂಚದ ಮುದುಕಿ ದಿನವೂ ಮುದ್ದೆ ಮುರಿದು ಅವಳ ಬಾಯಿಗಿಡುತ್ತಿದ್ದಳು. ನೋಡುತ್ತಾ ನಿಂತ ನನಗೆ ಹೊಟ್ಟೆಕಿಚ್ಚೇ ಆಗುತ್ತಿತ್ತು.

ಪ್ಲಾಸ್ಟರ್ ಬಿಚ್ಚಿದಾಗ ಆ ಎರಡು ಬೆರಳು ಮಿಸುಕಲಿಲ್ಲ. ಹುರಿ ಮಾಂಸಕ್ಕೆ ಅಂಟಿಕೊಂಡಿತ್ತು, ದಿನವೂ ದುಡಿಸಿದರೆ ಮಾತ್ರ ಬಿಟ್ಟುಕೊಳ್ಳುತ್ತಿತ್ತು. ಇನ್ನು ಯಾರೂ ತುತ್ತು ಕೊಡಕೂಡದು, ಬಿಸಿ ಮುದ್ದೆಯನ್ನು ಅವಳೇ ಮುರಿದು ತಿನ್ನಲಿ ಎಂದೆ.

“ಎಂಥಾ ಕಲ್ಲೆದೆ ಕಣಮ್ಮ ನಿಂದು! ಉಣ್ಣಾಕ್ ಬುಡು ಅದ್ನ,” ಎಂದು ಮುದುಕಿ ಬೈದಳು.

ನಾನು ಜಗ್ಗಲಿಲ್ಲ. ದಿನಾ ಆ ಹೆಂಗಸು ಮುದ್ದೆ ಚಿವುಟಿದಳು, ಅತ್ತಳು, ಮತ್ತೆ ಚಿವುಟಿದಳು. ಒಂದು ಮಧ್ಯಾಹ್ನ ಆ ಬೆರಳುಗಳು ಬಾಗಿದವು. ಪೂರ್ತಿಯಲ್ಲ, ತುತ್ತು ಮುರಿಯುವಷ್ಟು, ಮಚ್ಚಿನ ಹಿಡಿ ಹಿಡಿಯುವಷ್ಟು. ಮೊದಲ ತುತ್ತನ್ನು ಬಸ್ಸಾರಿನಲ್ಲಿ ಅದ್ದಿ ನನ್ನ ಕಡೆ ಚಾಚಿದಳು. “ಬಾಯ್ ತಗೀರಿ ಕಣಮ್ಮ, ಅಗೀಬ್ಯಾಡಿ, ನುಂಗಿ.” ನುಂಗಿದೆ.

ಮಾರನೆಯ ದಿನ ಅವಳು ಊರಿನ ಬಸ್ಸು ಹತ್ತಿದಳು. ನಾನು ಮನೆಗೆ ಹೋಗಿ ಒಬ್ಬಳಿಗಾಗುವಷ್ಟು ಮುದ್ದೆ ಮಾಡಿಕೊಂಡು ಕೂತೆ. ಕಿಟಕಿ ಸರಳಿನಲ್ಲಿ ದಾರವೊಂದು ಇನ್ನೂ ನೇತಾಡುತ್ತಿತ್ತು. ನನ್ನ ಬೆರಳುಗಳೆಲ್ಲ ಚೆನ್ನಾಗಿಯೇ ಮಡಚುತ್ತಿದ್ದವು. ತುತ್ತು ಮುರಿದು ಎತ್ತಿದೆ. ಇಡುವುದಕ್ಕೆ ನನ್ನ ಬಾಯಿ ಬಿಟ್ಟರೆ ಇನ್ನೊಂದು ಬಾಯಿ ಇರಲಿಲ್ಲ.