ಹುರುಳಿ ಒಕ್ಕಿದ ಕಾರು

ಪ್ರಪಂಚದ ಅತ್ಯಂತ ಅಪಾಯಕಾರಿ ರಸ್ತೆಗಳ ಬಗ್ಗೆ ಅರಸೀಕೆರೆಯಲ್ಲಿ ನನ್ನಷ್ಟು ತಿಳಿದವರು ಇನ್ನೊಬ್ಬರಿಲ್ಲ. ಜಂಬಕ್ಕೆ ಹೇಳುತ್ತಿಲ್ಲ, ಊಟವಾದ ಮೇಲೆ ಮೊಬೈಲಿನಲ್ಲಿ ವಿಡಿಯೋ ನೋಡುವ ಚಟವಿದ್ದರೆ ಯಾರಿಗಾದರೂ ಬರುವ ಪಾಂಡಿತ್ಯ ಇದು. ಬೊಲಿವಿಯಾದಲ್ಲಿ ಒಂದು ಕಡೆ ಬಂಡೆ, ಇನ್ನೊಂದು ಕಡೆ ಪಾತಾಳ ಇರುವ ಮಣ್ಣುಹಾದಿಯಲ್ಲಿ ಎದುರಿಗೆ ಲಾರಿ ಬಂದರೆ ಯಾರು ಹಿಂದೆ ಸರಿಯಬೇಕು, ಕಾಶ್ಮೀರದ ಜೋಜಿಲಾ ಘಾಟಿಯ ಕೆಸರಿನಲ್ಲಿ ಯಾವ ಗೇರು ಹಾಕಬೇಕು, ಎಲ್ಲವೂ ನನಗೆ ಗೊತ್ತು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿದವನು ನಾನು. ಗೊತ್ತಿರುವುದನ್ನು ಹೇಳದೆ ಸುಮ್ಮನಿರುವುದು ನಮ್ಮ ವೃತ್ತಿಯವರಿಗೆ ಆಗಿಬರುವುದಿಲ್ಲ.

ಕಾರು ಕಲಿತದ್ದು ಮಾತ್ರ ಐವತ್ತೇಳನೇ ವಯಸ್ಸಿನಲ್ಲಿ. ನನ್ನ ಕಾರು ಮೂರನೇ ಗೇರು ದಾಟುವುದು ಅಪರೂಪ, ನನ್ನ ಮಾತು ಮಾತ್ರ ಹೊರಡುವಾಗಲೇ ಐದನೇ ಗೇರಿನಲ್ಲಿರುತ್ತದೆ. ಆಂಡಿಸ್ ಪರ್ವತದ ತಿರುವು ಹೇಗಿದೆ ಎಂದು ತೋರಿಸಲು ಸ್ಟೀರಿಂಗಿನಿಂದ ಒಂದು ಕೈ ತೆಗೆಯುತ್ತೇನೆ. ತಿರುವು ದೊಡ್ಡದಾದರೆ ಎರಡೂ ಕೈ. ಹೀಗಾಗಿ ನನ್ನ ಹೆಂಡತಿ ಗಿರಿಜೆ ಎರಡೇ ಸಲ ನನ್ನ ಜೊತೆ ಬಂದು, ಮೂರನೇ ಸಲದಿಂದ ಬಸ್ಸು ಹಿಡಿದಳು. ಹೋದ ವರ್ಷ ಬೇಲೂರಿನ ಒಂದೇ ಮದುವೆಗೆ ಅವಳು ಬಸ್ಸಿನಲ್ಲಿ ಹೋದಳು, ನಾನು ಕಾರಿನಲ್ಲಿ ಹೋದೆ. ಅವಳು ಊಟ ಮುಗಿಸಿ ಎಲೆಅಡಿಕೆ ಹಾಕಿಕೊಳ್ಳುವಾಗ ನಾನು ತಲುಪಿದೆ. ಇಬ್ಬರಿಗೂ ಮಾತಿಲ್ಲ ಎಂದು ನೆಂಟರಲ್ಲಿ ಸುದ್ದಿಯೂ ಹಬ್ಬಿತು. ನಗುತ್ತಲೇ ಇದನ್ನೆಲ್ಲ ಹೇಳುತ್ತೇನಾದರೂ, ಪಕ್ಕದ ಸೀಟು ಖಾಲಿ ಇರುವ ಕಾರನ್ನು ಓಡಿಸುವಾಗ ನನಗೆ ನಿಜಕ್ಕೂ ಬೇಜಾರಾಗುತ್ತಿತ್ತು.

ಮೊನ್ನೆ ಹಳೇಬೀಡಿನಲ್ಲಿ ಅವಳ ತಂಗಿಯ ಮಗಳಿಗೆ ಬಳೆ ತೊಡಿಸುವ ಶಾಸ್ತ್ರವಿತ್ತು. ಚಕ್ಕುಲಿ, ಕರ್ಜಿಕಾಯಿಯ ದೊಡ್ಡ ದೊಡ್ಡ ಡಬ್ಬಗಳು, ಬಳೆಯ ಪೆಟ್ಟಿಗೆ. ಅಷ್ಟನ್ನೂ ಹೊತ್ತು ಬಸ್ಸು ಹತ್ತುವುದು ಅವಳಿಂದಾಗದ ಮಾತು. "ಇದೊಂದು ಸಲ ಬರ್ತೀನಿ. ದಾರೀಲಿ ಏನಾದ್ರೂ ಆಯ್ತು ಅಂದ್ರೆ, ಇನ್ನು ಈ ಜನ್ಮದಲ್ಲಿ ನಿಮ್ಮ ಕಾರು ಹತ್ತೋಳಲ್ಲ" ಎಂದು ಷರತ್ತು ಹಾಕಿ ಹಿಂದಿನ ಸೀಟಿನಲ್ಲಿ ಡಬ್ಬಗಳ ನಡುವೆ ಕೂತಳು.

ಬಾಣಾವರ ದಾಟುವವರೆಗೆ ನಾನು ಬಾಯಿ ಬಿಡಲಿಲ್ಲ. ಜಾವಗಲ್ಲಿಗೆ ಇನ್ನೂ ಸ್ವಲ್ಪ ದೂರ ಇರುವಾಗ ರಸ್ತೆಯ ಉದ್ದಕ್ಕೂ ಹುರುಳಿ ಗಿಡ ಹಾಸಿದ್ದರು. ಹಿಂದೆ ಊರಿಗೊಂದು ಕಣ ಇತ್ತು. ಸಗಣಿ ಸಾರಿಸಿ, ನಡುವೆ ಮೇಟಿ ನೆಟ್ಟು, ಅದರ ಸುತ್ತ ಎತ್ತು ತುಳಿಸುತ್ತಿದ್ದರು. ಈಗ ಎತ್ತೂ ಕಡಿಮೆ, ಕಣವೂ ಕಡಿಮೆ; ಸರ್ಕಾರವೇ ಟಾರು ಬಳಿದು ನುಣ್ಣಗೆ ಮಾಡಿಕೊಟ್ಟ ಕಣ ಊರ ಮುಂದೆಯೇ ಹಾದುಹೋಗುತ್ತಿರುವಾಗ, ಹೋಗಿ ಬರುವ ಗಾಡಿಗಳೇ ಒಕ್ಕಣೆ ಮಾಡಿಕೊಡುತ್ತವೆ. ಆದರೆ ತಿನ್ನುವ ಕಾಳಿನ ಮೇಲೆ ಚಕ್ರ ಹತ್ತಿಸಲು ನನಗೆ ಮನಸ್ಸಾಗಲಿಲ್ಲ. ನಿಲ್ಲಿಸಿದೆ.

ಸೆರಗು ಸೊಂಟಕ್ಕೆ ಕಟ್ಟಿದ್ದ ಹೆಂಗಸೊಬ್ಬಳು ಕವೆಗೋಲು ಹಿಡಿದು ಓಡಿ ಬಂದಳು. "ಯಾಕ್ ನಿಲ್ಸುದ್ರಿ ಸ್ವಾಮಿ? ಹತ್ಸಿ, ಹತ್ಸಿ!"

ಹತ್ತಿಸಿದೆ. ಗಿಡ ಚರಚರ ಎಂದವು. ಆ ಕೊನೆ ಮುಟ್ಟುವಷ್ಟರಲ್ಲಿ ಆಕೆ ಮತ್ತೆ ಕಿಟಕಿಯ ಹತ್ತಿರ ಬಂದಿದ್ದಳು. "ಬಸ್ನೋರು ರೊಯ್ಯಂತ ಹೊಂಟೋಯ್ತಾರೆ, ಕಾಳೆಲ್ಲಾ ಚರಂಡಿಗೆ ಸಿಡೀತದೆ. ನಿಮ್ದು ಎತ್ತು ನಡ್ದಂಗೈತೆ. ಇನ್ನೊಂದ್ ಸುತ್ತು ಬನ್ನಿ ಸ್ವಾಮಿ, ನಿಮ್ಗೆ ಪುಣ್ಯ ಬತ್ತದೆ."

ನನ್ನ ಚಾಲನೆಯನ್ನು ಹೊಗಳಿದ ಮೊದಲ ವ್ಯಕ್ತಿ ಆಕೆ. ನಾನು ಕರಗಿಹೋದೆ. ಕಾರು ತಿರುಗಿಸಿ ಎರಡನೇ ಸುತ್ತು ಬಂದೆ, ಮೂರನೆಯದೂ ಆಯಿತು. "ಹೊತ್ತಾಯ್ತು ಕಣ್ರೀ" ಎಂದು ಗಿರಿಜೆ ಹೇಳಿದ್ದು ಕೇಳಿಸಿತು. ಕೇಳಿಸದವನ ಹಾಗೆ, ಹಿಮಾಲಯದ ರಸ್ತೆಗಳಲ್ಲಿ ನಿಧಾನವೇ ಜೀವ ಉಳಿಸುತ್ತದೆ ಎಂದು ಪಾಠ ಶುರುಮಾಡಿದೆ. ಬಾಯಿ ಬಿಟ್ಟದ್ದೇ ತಡ.

"ರೀ, ಏನೋ ಸೀದ ವಾಸನೆ."

"ಯಾರ ಮನೇದೋ ಒಗ್ಗರಣೆ ಕಣೇ" ಎಂದೆ. ಸುತ್ತಮುತ್ತ ತೆಂಗಿನ ತೋಟ, ಹೊಲ ಬಿಟ್ಟರೆ ಒಂದು ಮನೆಯೂ ಇರಲಿಲ್ಲ.

ಮರುಕ್ಷಣ ಮುಂದಿನ ಚಕ್ರದ ಪಕ್ಕದಿಂದ ಹೊಗೆ ಎದ್ದಿತು. ಕಾರು ನಿಲ್ಲಿಸುವುದೇನೋ ನಿಲ್ಲಿಸಿದೆ. ಆಮೇಲೆ ಏನು ಮಾಡಬೇಕೆಂದು ಗೊತ್ತಾಗಲಿಲ್ಲ. ಯಾವ ಖಂಡದ ಯಾವ ರಸ್ತೆಯೂ ನೆನಪಿಗೆ ಬರಲಿಲ್ಲ. ಕೈ ಎಷ್ಟು ನಡುಗುತ್ತಿತ್ತೆಂದರೆ ಸೀಟ್ ಬೆಲ್ಟ್ ಬಿಚ್ಚಲು ಆಗಲಿಲ್ಲ. ಹಿಂದೆ ಗಿರಿಜೆ ಇದ್ದಾಳೆ, ಇಷ್ಟೂ ಹೊತ್ತು ಹೇಳುತ್ತಲೇ ಇದ್ದಳು ಎಂಬುದೊಂದೇ ತಲೆಯಲ್ಲಿ. ಅಷ್ಟರಲ್ಲಿ ಅವಳೇ ಇಳಿದು ಬಂದು, ನನ್ನ ಬಾಗಿಲು ತೆಗೆದು, ಬೆಲ್ಟ್ ಬಿಚ್ಚಿ, ತೋಳು ಹಿಡಿದು ಹೊರಗೆಳೆದಳು. ಆ ಹೆಂಗಸು ಕುಡಿಯಲು ತಂದಿಟ್ಟಿದ್ದ ಬಿಂದಿಗೆಯ ನೀರನ್ನು ಕಾರಿನ ಅಡಿಗೆ ಎರಚಿದಳು. ಹೊಗೆ ಪೂರ್ತಿ ಆರಿದ ಮೇಲೆ ಇಬ್ಬರೂ ರಸ್ತೆಯ ಮೇಲೆ ಮಂಡಿಯೂರಿ, ಕವೆಗೋಲಿನಿಂದ ಹುರುಳಿ ಬಳ್ಳಿಯನ್ನು ಎಳೆದೆಳೆದು ತೆಗೆದರು. ಚಕ್ರದ ದಂಡಕ್ಕೆ ಅದು ಹಗ್ಗ ಹೊಸೆದ ಹಾಗೆ ಸುತ್ತಿಕೊಂಡು, ಕಾದು, ಕಪ್ಪಾಗಿತ್ತು.

"ತೆಪ್ಪಾಯ್ತು ಸ್ವಾಮಿ, ಒಂದ್ಸಲಕ್ಕೇ ಬುಟ್ಬುಡ್ಬೇಕಾಗಿತ್ತು ನಿಮ್ಮನ್ನ" ಎಂದಳು ಆಕೆ. ತಪ್ಪು ಆಕೆಯದಲ್ಲ, ಹೊಗಳಿಕೆಗೆ ಸೋತವನದು.

ಅಷ್ಟರಲ್ಲಿ ಬಸ್ಸು ಬಂತು. ನಮ್ಮೂರ ಕಡೆಯವನೇ ಆದ ಡ್ರೈವರು ಇಳಿದು, ಬಗ್ಗಿ ನೋಡಿ, "ಏನಾಗಿಲ್ಲ, ನಿಧಾನಕ್ಕೆ ಹೊಡ್ಕಂಡ್ ಹೋಗಿ ಮೇಷ್ಟ್ರೇ" ಎಂದ. ಕಂಡಕ್ಟರ್ ಬಾಗಿಲಲ್ಲಿ ನಿಂತು "ಹಳೇಬೀಡು, ಬೇಲೂರು! ಬರ್ತೀರೇನಮ್ಮ?" ಎಂದು ಗಿರಿಜೆಯನ್ನು ಕೇಳಿದ.

ಷರತ್ತು ಷರತ್ತೇ. ನಾನೇ ಡಬ್ಬಗಳನ್ನು ಇಳಿಸತೊಡಗಿದೆ. "ನೀನು ಹೋಗು, ಶಾಸ್ತ್ರಕ್ಕೆ ಹೊತ್ತಾಗುತ್ತೆ. ನಾನು ಹಿಂದೆ ಬರ್ತೀನಿ" ಎಂದೆ. ಅವಳ ಮುಖ ನೋಡುವ ಧೈರ್ಯವಿರಲಿಲ್ಲ.

ಅವಳು ಬಸ್ಸನ್ನು ನೋಡಿದಳು, ನನ್ನ ಕೈಯನ್ನು ನೋಡಿದಳು. ಅದರಲ್ಲಿದ್ದ ಚಕ್ಕುಲಿ ಡಬ್ಬ ಇನ್ನೂ ಗಲಗಲ ಸದ್ದು ಮಾಡುತ್ತಿತ್ತು. "ನೀವು ಹೋಗ್ರಪ್ಪ" ಎಂದು ಕಂಡಕ್ಟರಿಗೆ ಹೇಳಿ, ಡಬ್ಬ ಕಸಿದುಕೊಂಡು ಹಿಂದಿನ ಸೀಟಿಗೆ ಸೇರಿಸಿ, ತಾನು ಮುಂದೆ ನನ್ನ ಪಕ್ಕ ಬಂದು ಕೂತಳು.

"ಯಾಕೆ?" ಎಂದೆ.

"ಇಷ್ಟು ದಿನ ನಿಮ್ಮ ಜೊತೆ ಬರೋಕೆ ನಂಗ್ಯಾಕೆ ಭಯ ಆಗ್ತಿತ್ತು ಹೇಳಿ? ನಿಮಗೆ ಒಂಚೂರೂ ಭಯ ಇರ್ಲಿಲ್ಲ. ಇವತ್ತು ಬಂತಲ್ಲ, ಇನ್ನು ನಾನು ಬರಬಹುದು."

ಕಾರು ಹೊರಟಿತು. ಜಾವಗಲ್ಲು ದಾಟಿದರೂ ಎರಡನೇ ಗೇರಿನಿಂದ ಮೇಲೆ ಹೋಗಲು ನನಗೆ ಮನಸ್ಸು ಬರಲಿಲ್ಲ. ಮೂರನೆಯದು ಹಾಕಿ ಎಂದು ಅವಳೇ ಹೇಳಬೇಕಾಯಿತು.