ಹೆಣ್ಣು ನೋಡಲು ಬಂದವರಿಗೆ ತೋರಿಸಿದ ಸ್ಪಂಜು

ಅಪ್ಪ ಹೆಬ್ಬೆಟ್ಟು, ಅವ್ವ ಹೆಬ್ಬೆಟ್ಟು. ಕಬ್ಬಾಳಿನ ಹತ್ತಿರದ ನಮ್ಮೂರಿನ ಆ ಮನೆಯಲ್ಲಿ ಡಿಗ್ರಿ ಅಂತ ಮಾಡಿದ ಮೊದಲಿಗಳು ನಾನು. ಅದೂ ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಯಾರೂ ಸುಮ್ಮನೆ ಕೊಟ್ಟದ್ದಲ್ಲ. ಹಾರೋಹಳ್ಳಿಯಲ್ಲಿ ಒಂದರ ಪಕ್ಕ ಒಂದು ಫ್ಯಾಕ್ಟರಿ ಏಳುತ್ತಿದ್ದ ಕಾಲ. ಆಸ್ಪತ್ರೆ ಸಾಮಾನು ಮಾಡುವ ಒಂದು ಸಣ್ಣ ಕಂಪನಿಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು.

ಅಲ್ಲಿ ನನ್ನ ಪಾಲಿಗೆ ಬಂದದ್ದು ಒಂದು ಸ್ಪಂಜು. ನೋಡಲು ಪಾತ್ರೆ ಉಜ್ಜುವ ಸ್ಪಂಜಿನ ಹಾಗೇ. ಆದರೆ ಇದಕ್ಕೆ ತನ್ನ ಆಕಾರದ ನೆನಪಿರುತ್ತದೆ. ಬಿಸಿ ಮಾಡಿ ಹಿಸುಕಿ, ಹಿಸುಕಿ ಹಿಡಿದಂತೆಯೇ ತಣ್ಣಗಾಗಿಸಿದರೆ ಬೀಡಿಯಷ್ಟು ಸಣ್ಣಗೆ ಗಟ್ಟಿಯಾಗಿ ಕೂರುತ್ತದೆ. ಮತ್ತೆ ಬಿಸಿ ತಗುಲಿತೋ, ಮೊದಲಿನ ಗಾತ್ರಕ್ಕೆ ಅರಳುತ್ತದೆ. ಕೆಲವರಿಗೆ ಮೆದುಳಿನ ರಕ್ತನಾಳ ಒಂದು ಕಡೆ ತೆಳುವಾಗಿ ಬಲೂನಿನಂತೆ ಉಬ್ಬುತ್ತದೆ. ಒಡೆದರೆ ಪ್ರಾಣಕ್ಕೇ ಅಪಾಯ. ತೊಡೆಯ ರಕ್ತನಾಳದಿಂದ ಸಣ್ಣ ಕೊಳವೆ ತೂರಿಸಿ, ಇಂಥ ಸ್ಪಂಜಿನ ಚೂರೊಂದನ್ನು ಆ ಬಲೂನಿನೊಳಗೆ ಬಿಟ್ಟರೆ, ಅದು ಮೈಬಿಸಿಗೇ ಅರಳಿ ಜಾಗ ತುಂಬುತ್ತದೆ, ರಕ್ತ ಅಲ್ಲೇ ಹೆಪ್ಪುಗಟ್ಟಿ ಒಡೆಯುವ ಭಯ ತಪ್ಪುತ್ತದೆ ಅನ್ನುವುದು ಲೆಕ್ಕಾಚಾರ. ನಮ್ಮ ಪ್ರಯೋಗ ಆಗಿನ್ನೂ ಗಾಜಿನ ಲೋಟದ ಹಂತ.

ಈ ಕೆಲಸ ಬಿಡಿಸುವ ಮದುವೆ ನನಗೆ ಬೇಡ ಅಂತ ಅಪ್ಪನಿಗೆ ಹೇಳಿದ್ದೆ. "ಬಂದೋರ್ಗೆ ಅದ ನೀನೇ ಹೇಳವ್ವ, ನನ್ ಬಾಯಲ್ಲಿ ಬರಾಕಿಲ್ಲ" ಅಂದಿದ್ದರು. ಹಾಗಾಗಿ ರಾಮನಗರದ ಕಡೆಯವರು ನನ್ನನ್ನು ನೋಡಲು ಬಂದ ಭಾನುವಾರಕ್ಕೆ, ಹಿಸುಕಿದ ತುಂಡೊಂದನ್ನು ಲ್ಯಾಬಿನಲ್ಲಿ ಕೇಳಿ ತಂದಿಟ್ಟುಕೊಂಡಿದ್ದೆ.

ಕಾಫಿ ಆಯಿತು. ಹುಡುಗನ ಅಪ್ಪ ಗಂಟಲು ಸರಿಮಾಡಿಕೊಂಡರು. "ಓದ್ಸಿದೀರ, ಸಂತೋಸ. ಮದ್ವೆ ಆದ್ಮೇಲೆ ಫ್ಯಾಕ್ಟ್ರಿ ಗೀಕ್ಟ್ರಿ ಎಲ್ಲ ಯಾಕೆ?"

ನಮ್ಮಪ್ಪ ಸೂರು ನೋಡಿದರು.

"ಏನ್ ಕೆಲ್ಸ ಅಂತ ಒಂದ್ಸಲ ನೋಡ್ಬುಡಿ, ಆಮೇಲೆ ಹೇಳೀರಂತೆ" ಅಂದು ನಾನು ಒಳಗೆ ಹೋದೆ. ಅಡುಗೆಮನೆಯ ಗೂಡಿನಲ್ಲಿ ಇಟ್ಟಿದ್ದ ಬೀಡಿ ಗಾತ್ರದ ತುಂಡು ಇರಲಿಲ್ಲ. ಅಲ್ಲಿ ನಿಂಬೆಹಣ್ಣಿನಷ್ಟು ದಪ್ಪ ಸ್ಪಂಜು ಆರಾಮಾಗಿ ಕೂತಿತ್ತು.

"ಏನೋ ಕೊಳಕು ಕಡ್ಡಿ ಅಂತ ಲೋಟದ ಜೊತೆ ಬಿಸ್ನೀರ್ಗೆ ಹಾಕ್ದೆ ಕಣವ್ವ," ಅಂದಳು ಅಜ್ಜಿ. "ತಾನೇ ಊದ್ಕತು. ನಾನೇನೂ ಮಾಡ್ನಿಲ್ಲ."

ಇನ್ನೇನು, ರೇಷ್ಮೆ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಬಚ್ಚಲಿಗೆ ನಡೆದೆ. ಹಂಡೆಯ ಬಿಸಿನೀರಲ್ಲಿ ಅದ್ದಿ ಮೆತ್ತಗೆ ಮಾಡಿ, ಅಂಗೈಯಲ್ಲಿ ಉರುಳಿಸಿ ಹಿಸುಕಿ, ತಣ್ಣೀರಿನ ಬಕೆಟ್ಟಿನಲ್ಲಿ ಮುಷ್ಟಿ ಮುಳುಗಿಸಿ ಕುಕ್ಕರುಗಾಲಲ್ಲಿ ಕೂತೆ. ನೆಂಟರೆಲ್ಲ ಒಬ್ಬೊಬ್ಬರಾಗಿ ಬಚ್ಚಲ ಬಾಗಿಲಿಗೆ ಬಂದರು.

"ಏನ್ ಮಗ, ಮೀನ್ ಹಿಡೀತಿದ್ದೀಯಾ?" ಅಂದರು ಹುಡುಗನ ತಾಯಿ.

"ಒಸಿ ತಡೀರಮ್ಮ. ಈಗ್ಲೇ ಕೈ ಬುಟ್ರೆ ಅರಳ್ಕತದೆ."

"ರಾಹುಕಾಲ ಬತ್ತಾ ಐತೆ, ಎದ್ದು ಬಾರೆ, ಕುಂಕುಮ ಇಡ್ಬೇಕು" ಅಂತ ಅವ್ವ ಹಲ್ಲು ಕಚ್ಚಿ ಪಿಸುಗುಟ್ಟಿದಳು. ನಾನು ಏಳಲಿಲ್ಲ. ಆ ತಾಯಿ ನಗುತ್ತಾ ಒಗೆಯುವ ಕಲ್ಲಿನ ಮೇಲೆ ಕೂತು, ಕೂತಲ್ಲಿಂದಲೇ ನನ್ನ ಹಣೆಗೆ ಕುಂಕುಮ ಇಟ್ಟು, ಜಡೆಗೆ ಹೂ ಮುಡಿಸಿದರು.

ತುಂಡು ಗಟ್ಟಿಯಾಯಿತು. ಅದನ್ನು ಅವರ ಕೈಗೇ ಕೊಟ್ಟು, ಬಿಸಿನೀರಿನ ಲೋಟಕ್ಕೆ ಹಾಕಲು ಹೇಳಿದೆ. ನಿಧಾನಕ್ಕೆ ಮೈ ಮುರಿದು ಉಬ್ಬಿತು. ಅದು ಉಬ್ಬುವಷ್ಟರಲ್ಲಿ ಮೆದುಳಿನ ರಕ್ತನಾಳದ ವಿಷಯವನ್ನೆಲ್ಲ ಹೇಳಿದೆ.

"ಜ್ವರ ಬಂದ್ರೆ ಇನ್ನೂ ಊದಲ್ವಾ?" ಅಂತ ಹುಡುಗ ಕೇಳಿದರು. ಆವತ್ತು ಅವರು ಆಡಿದ ಮೊದಲ ಮಾತು.

"ಇಲ್ಲ, ತನ್ನ ಗಾತ್ರಕ್ಕೆ ನಿಂತ್ಕಳ್ತದೆ" ಅಂದೆ. ಅಲ್ಲಿಯವರೆಗೆ ಅವರ ಮುಖ ಸರಿಯಾಗಿ ನೋಡಿರಲಿಲ್ಲ. ಆಗ ನೋಡಿದೆ.

ತಾಯಿ ಮಾತ್ರ ಲೋಟದಿಂದ ಕಣ್ಣು ಕೀಳಲಿಲ್ಲ. "ನಮ್ಮಕ್ಕ ಹಿಂಗೇ ಹೋದ್ಲು. ರೇಷ್ಮೆ ಹುಳಕ್ಕೆ ಸೊಪ್ಪು ಹಾಕ್ತಿದ್ಲು, ತಲೆ ಸಿಡೀತದೆ ಅಂದ್ಲು, ಬಿದ್ಲು. ತಲೆ ಒಳ್ಗೆ ನರ ಒಡ್ದೋಗದೆ ಅಂದ್ರು ಡಾಕ್ಟ್ರು. ಇದ್ ಇದ್ದಿದ್ರೆ ಉಳೀತಿದ್ಲಾ ಮಗ?"

ಹೂಂ ಅಂದುಬಿಟ್ಟಿದ್ದರೆ ನನ್ನ ಕೆಲಸದ ತಕರಾರು ಅಲ್ಲಿಗೇ ಮುಗಿಯುತ್ತಿತ್ತೇನೋ. ಅವ್ವನ ಕಣ್ಣು ಹೂಂ ಅನ್ನು, ಹೂಂ ಅನ್ನು ಅನ್ನುತ್ತಿತ್ತು.

"ಗೊತ್ತಿಲ್ಲಮ್ಮ," ಅಂದೆ. "ನಮ್ಮದು ಇನ್ನೂ ಯಾರ್ ತಲೆಗೂ ಹೋಗಿಲ್ಲ. ಹೋಗಾಕೆ ಎಷ್ಟ್ ವರ್ಷ ಬೇಕೋ. ನಾನ್ ಮಾಡ್ತಿರೋದು ಅದ್ರಲ್ಲಿ ಒಂದ್ ಚೂರು, ಅಷ್ಟೇಯ."

ಅವರು ಲೋಟ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಗಂಡನ ಕಡೆ ತಿರುಗಿದರು. "ನಮ್ಮ ಕಡೆಯಿಂದ ಕನಕಪುರಕ್ಕೆ ಬೆಳಿಗ್ಗೆ ಬಸ್ಸು ಎಷ್ಟೊತ್ಗೆ?"

"ಯಾಕೆ?"

"ಇವ್ಳು ಕೆಲ್ಸಕ್ಕೋಗ್ಬೇಕಲ್ಲ. ಅಲ್ಲಿಂದ ಹಾರೋಹಳ್ಳಿಗೆ ಇನ್ನೊಂದ್ ಹಿಡೀಬೇಕು."

ಅವರು ನನ್ನನ್ನೊಮ್ಮೆ, ಹೆಂಡತಿಯನ್ನೊಮ್ಮೆ ನೋಡಿದರು. "ಆರೂವರೆಗೆ ಒಂದೈತೆ," ಅಂದರು. "ಅದ್ರಲ್ಲಿ ಸೀಟ್ ಸಿಕ್ಕಾಕಿಲ್ಲ."

"ನಿಂತ್ಕಂಡೇ ಹೋಯ್ತೀನಿ ಬುಡಿ" ಅಂದೆ.