ಅಜ್ಜಿ ಹಸು ಮಾರಿದ ಕ್ರಮ

ಕ್ಯಾಲನೂರಿನ ನಮ್ಮ ಮನೆಯಲ್ಲಿ ಹಸು ಮಾರುವಾಗ, ಕೊಳ್ಳಲು ಬಂದವರಿಗೆ ಅಜ್ಜಿ ಅದರ ಗುಣಗಳನ್ನು ಯಾವಾಗಲೂ ಒಂದೇ ಕ್ರಮದಲ್ಲಿ ಹೇಳುತ್ತಿದ್ದರು. ಮೊದಲು ಒಳ್ಳೆಯ ಹಸು ಎಂಬ ಮಾತು. ಆಮೇಲೆ ಗಾತ್ರ, ಹಲ್ಲು ತೋರಿಸಿ ವಯಸ್ಸು, ಬಣ್ಣ, ಕೊನೆಗೆ ನಾಟಿಯೋ ಸೀಮೆಯೋ ಎಂಬುದು. ಇಂಗ್ಲಿಷಿನಲ್ಲಿ ವಿಶೇಷಣಗಳು ಸಾಲಾಗಿ ಬರುವುದೂ ಹೆಚ್ಚುಕಡಿಮೆ ಇದೇ ಕ್ರಮದಲ್ಲಿ ಎಂದು ಎಂ.ಎ. ಓದುವಾಗ ಹೊಳೆಯಿತು. ಯಾರಿಗೂ ಹೇಳಲಿಲ್ಲ, ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಉದಾಹರಣೆಯ ವಾಕ್ಯಕ್ಕೆ ಅಜ್ಜಿ ಅತ್ತುಕೊಂಡು ಮಾರಿದ ಕಂದು ಹಸುವನ್ನೇ ತೆಗೆದುಕೊಂಡೆ. ಅದರ ಎಡಗೊಂಬು ಮುರಿದಿತ್ತು. ಅದನ್ನೂ ಅಜ್ಜಿ ಮುಚ್ಚಿಟ್ಟಿರಲಿಲ್ಲ, ನಾನೂ ವಾಕ್ಯದಲ್ಲಿ ಸೇರಿಸಿದೆ.

ಆ ನೋಟ್‌ಬುಕ್ ನೋಡಿದವರು ಒಬ್ಬರೇ, ಡಿಗ್ರಿಯಲ್ಲಿ ನನಗೆ ಇಂಗ್ಲಿಷ್ ಕಲಿಸಿದ ಮೇಡಂ. "ಎರಡು ದಿನ ಇಟ್ಕೊಂಡು ಕೊಡ್ತೀನಿ ಕಣೇ" ಎಂದಿದ್ದರು. ಎರಡು ವರ್ಷವಾದರೂ ಕೇಳಲು ನನಗೆ ಸಂಕೋಚ.

ಈ ವರ್ಷ ಕೋಲಾರದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾದೆ. ವಿಶೇಷಣದ ಪಾಠ ಬಂದ ದಿನ, ಧೈರ್ಯ ಮಾಡಿ, ಮೊದಲ ಬಾರಿಗೆ ಆ ಹಸುವಿನ ವಾಕ್ಯವನ್ನು ಬೋರ್ಡಿನ ಮೇಲೆ ಬರೆಯತೊಡಗಿದೆ. ಕೊಂಬಿಗೆ ಬರುವ ಮೊದಲೇ ಎರಡನೇ ಬೆಂಚಿನ ಹುಡುಗಿ ಕೇಳಿದಳು.

"ಮಿಸ್, ಎಡಗಡೆ ಕೊಂಬು ಮುರಿದಿರ್ತದೆ ಅಲ್ವಾ?"

"ನಿಂಗೆ ಹೇಗೆ ಗೊತ್ತು?"

"ಗೈಡಲ್ಲೇ ಐತಲ್ಲ ಮಿಸ್."

ಪಕ್ಕದವಳು ನಕ್ಕಳು. "ಅದಕ್ಕೇ ಕಣೇ, ಮಿಸ್ ಪುಸ್ತಕ ನೋಡ್ದೆ ಪಾಠ ಮಾಡೋದು. ಫುಲ್ ಬಾಯಿಪಾಠ!"

ಗೈಡ್ ಇಸಿದುಕೊಂಡು ನೋಡಿದೆ. ರಕ್ಷಾಪುಟದ ಮೇಲೆ ಮೇಡಂ ಹೆಸರು. ಒಳಗೆ ನನ್ನ ವಾಕ್ಯ, ಒಂದು ಪದವೂ ಬದಲಾಗದೆ. 'ನಮ್ಮಜ್ಜಿ' ಎಂಬಲ್ಲಿ 'ನಮ್ಮಜ್ಜಿ' ಎಂದೇ ಇತ್ತು. ಮುನ್ನುಡಿಯಲ್ಲಿ ವಿಧೇಯ ಶಿಷ್ಯೆಯರಿಗೆ ಕೃತಜ್ಞತೆ ಹೇಳಿದ್ದರು.

ಭಾನುವಾರ ಮುಳಬಾಗಿಲಿನ ಬಸ್ ಹತ್ತಿದೆ. ಮೇಡಂ ಬಾಗಿಲಲ್ಲೇ ಕೈ ಹಿಡಿದುಕೊಂಡರು. "ಬಾಮ್ಮ, ಎಷ್ಟ್ ಸೊರಗಿದೀಯ!" ಕಾಫಿ ಕೊಟ್ಟರು. ನಾನು ಬ್ಯಾಗಿನಿಂದ ಗೈಡ್ ತೆಗೆದು ಮೇಜಿನ ಮೇಲಿಟ್ಟೆ.

"ಓ, ಅದಾ! ಗ್ರಾಮರ್ ಏನು ಯಾರಪ್ಪನ ಆಸ್ತೀನೇ?"

"ಹಸು ನಮ್ಮಜ್ಜೀದು ಮೇಡಂ."

"ಹಸೂಗೂ ಪಂಚಾಯ್ತಿ ಸೇರಿಸ್ತೀಯಾ ಈಗ?" ಎಂದು ನಕ್ಕರು. "ನಿನ್ನ ಹತ್ರಾನೇ ಇದ್ದಿದ್ರೆ ಅದನ್ನ ಯಾರು ಓದ್ತಿದ್ರು ಹೇಳು. ನೀನು ಬಾಯೇ ಬಿಡಲ್ಲ."

ಕೊನೆಯ ಮಾತು ನಿಜವಾಗಿತ್ತು. ನನ್ನನ್ನು ಅಷ್ಟು ಚೆನ್ನಾಗಿ ಬಲ್ಲವರು ಅವರೊಬ್ಬರೇ. ಬಲ್ಲವರಾದ್ದರಿಂದಲೇ ಎರಡು ವರ್ಷ ನಿಶ್ಚಿಂತೆಯಾಗಿದ್ದರು.

"ಮುಂದಿನ ಮುದ್ರಣದಲ್ಲಿ ಆ ಒಂದು ವಾಕ್ಯ ತೆಗೆದುಬಿಡಿ ಮೇಡಂ."

"ಅಯ್ಯೋ, ಅದೇ ಕಣೇ ಚೆನ್ನಾಗಿರೋದು! ಹುಡುಗ್ರಿಗೆ ಅದೊಂದೇ ನೆನಪಲ್ಲಿರೋದು."

ನೋಟ್‌ಬುಕ್ ಡಿಟಿಪಿ ಅಂಗಡಿಯಲ್ಲೇ ಉಳಿದುಹೋಯಿತಂತೆ. ಕಾಫಿ ಪೂರ್ತಿ ಕುಡಿದೆ. ಹೊರಡುವಾಗ, ಹಳೆಯ ಅಭ್ಯಾಸ, ಕಾಲಿಗೂ ಬಿದ್ದೆ.

ಸೋಮವಾರ ಉಳಿದ ಪಾಠ ಮುಗಿಸಬೇಕಿತ್ತು. ನಾನು ಬೋರ್ಡಿನ ಕಡೆ ಹೋಗಲಿಲ್ಲ. ಗೈಡ್ ತೆಗೆಯಿರಿ ಎಂದೆ. ಎರಡನೇ ಬೆಂಚಿನ ಹುಡುಗಿ ಎದ್ದು ನಿಂತು ಹಸುವಿನ ವಾಕ್ಯವನ್ನು ಚೆನ್ನಾಗಿಯೇ ಓದಿದಳು. ಓದಿ, ತಲೆಯೆತ್ತಿ ಕೇಳಿದಳು.

"ಮಿಸ್, ಈ ಅಜ್ಜಿ ಇನ್ನೂ ಇದಾರಾ?"

ಬೆಳಿಗ್ಗೆ ನನಗೆ ಡಬ್ಬಿ ಕಟ್ಟಿಕೊಟ್ಟವರು ಅವರೇ.

"ನಂಗೊತ್ತಿಲ್ಲ," ಎಂದೆ. "ಮುಂದಿನ ವಾಕ್ಯ ಓದಮ್ಮ."